ಗೋಡೆಯಾಚೆ ಹೋದ ಹೋಳಿಗೆ

"ನೀನ ಹೇಳೀದಿ! ನೀನಲ್ದ ಇನ್ಯಾರು ಹೇಳ್ತಾರ?"

ಹನುಮವ್ವನ ಕೈಯಲ್ಲಿ ಲಟ್ಟಣಿಗೆ. ಎದುರಿಗೆ ಕುರ್ಚಿಯ ತುದಿಯಲ್ಲಿ ಶ್ರೀಮಂತ. ನಡುವೆ ಚಹಾದ ಕಪ್ಪು ಹಿಡಿದುಕೊಂಡು ನಾನು. ಅವಳು ಬೀಸಿದರೆ ಮೊದಲ ಏಟು ನನ್ನ ಮಂಡೆಗೇ ಅಂತ ಗೊತ್ತಾಗಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

"ದೊಡ್ಡವ್ವ, ಆಣಿ ಮಾಡಿ ಹೇಳ್ತೀನಿ..."

"ಆಣಿ ಗೀಣಿ ಬ್ಯಾಡ. ಸಾಹೇಬ್ರು ಬರೂದು ಗೊತ್ತಿರೂದು ಇಬ್ಬರಿಗೇ. ನಿನಗ, ನನಗ. ನಾ ಯಾರಿಗೂ ಹೇಳಿಲ್ಲ. ಹಂಗಾದ್ರ ಈ ಗ್ವಾಡಿ ಹೋಗಿ ಹೇಳ್ತೇನು?"

ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಮಂಡೆಬಿಸಿಯೂ ಅದೇ.

ಹನುಮವ್ವ ತೋರಿಸಿದ ಆ ಗೋಡೆಯ ಆಚೆ ಒಂದು ಯಾರ್ಡು ಉಂಟು. ಬರೀ ಒಣ ಕಸ ಅಂತ ಬೋರ್ಡು. ಒಳಗೆ ಯಾವ್ಯಾವುದೋ ಫ್ಯಾಕ್ಟರಿಯಿಂದ ಬಂದ ಕೆಮಿಕಲ್ ಡ್ರಮ್ಮುಗಳು. ನೀರಾದದ್ದನ್ನು ಗಟಾರಕ್ಕೆ ಬಿಡುತ್ತಾರೆ, ಗಟ್ಟಿಯಾದದ್ದನ್ನು ಸುಡುತ್ತಾರೆ. ವಡಾಲದ ಈ ಚಾಳಿನ, ಅಂದರೆ ಒಂದೊಂದೇ ಕೋಣೆಯ ಮನೆಗಳ ಈ ಸಾಲಿನ ಹೆಂಗಸರು ಬಿಳಿ ಬಟ್ಟೆ ಹೊರಗೆ ಒಣಗಿಸುವುದನ್ನೇ ಬಿಟ್ಟಿದ್ದಾರೆ. ಸಂಜೆಯೊಳಗೆ ಯಾರೋ ಅರಿಶಿನ ಶಾಸ್ತ್ರ ಮಾಡಿದ ಹಾಗೆ ಆಗಿರುತ್ತದೆ.

ಪೊಲ್ಯೂಷನ್ ಆಫೀಸಿನವರು ಬರುವುದಿಲ್ಲ ಅಂತಲ್ಲ. ಬರುತ್ತಾರೆ. ಬೆಳಿಗ್ಗೆ ಶ್ರೀಮಂತನಿಗೆ ಒಂದು ಫೋನು ಮಾಡಿ, ಇವತ್ತು ನಾಲ್ಕು ಗಂಟೆ ಮೇಲೆ ಬರುತ್ತೇವೆ, ದೂರು ಕೊಟ್ಟವರು ಸಾಕ್ಷಿಗೆ ಇರಬೇಕು, ಬೇರೆ ಯಾರಿಗೂ ಹೇಳಬೇಡಿ ಅನ್ನುತ್ತಾರೆ. ದೂರು ಕೊಟ್ಟದ್ದು ಹನುಮವ್ವ, ಹಾಗಾಗಿ ಅವನು ಅವಳಿಗೆ ಹೇಳುತ್ತಾನೆ. ನಾಲ್ಕು ಗಂಟೆಗೆ ಜೀಪು ಬಂದು ನೋಡಿದರೆ ಯಾರ್ಡು ದೀಪಾವಳಿಗೆ ತೊಳೆದ ಅಂಗಳದ ಹಾಗೆ! ಪ್ರತಿ ಸಲವೂ ಇದೇ ಕಥೆ. ಇನ್ನು ಒಂದೇ ಸಲ, ಆಗಲೂ ಏನೂ ಸಿಗದಿದ್ದರೆ ಫೈಲು ಮುಚ್ಚುತ್ತೇವೆ ಅಂದಿದ್ದಾರೆ.

ನಾನು ಸೇವಂತಿ. ಮಾಟುಂಗದಲ್ಲಿ ಅಣ್ಣನ ಹೋಟೆಲಿನ ಮೇಲಿನ ಕೋಣೆಯಲ್ಲಿ ಕೂತು ಮದುವೆ ಗಂಡು-ಹೆಣ್ಣುಗಳ ಗುಟ್ಟು ಹುಡುಕಿ ಕೊಡುವವಳು. ಹುಡುಗ ಕುಡಿಯುತ್ತಾನಾ, ಅವನು ಹೇಳುವ ಫ್ಲ್ಯಾಟು ಅವನದ್ದೇ ಹೌದಾ, ಇಂಥದ್ದು. ಈ ಗಬ್ಬು ವಾಸನೆಗೆ ಯಾಕೆ ಮೂಗು ತೂರಿಸಿದೆ ಅಂತ ಅಣ್ಣ ದಿನಾ ಬೈಯುತ್ತಾನೆ. ಬೈಯಲಿ. ಹನುಮವ್ವ ನನ್ನ ಮೇಜಿನ ಮುಂದೆ ಕೂತು ಮೊಬೈಲಿನಲ್ಲಿ ಮೊಮ್ಮಗಳನ್ನು ತೋರಿಸಿದಾಗ ಅವನು ಅಲ್ಲಿರಲಿಲ್ಲ.

ಶಿವಕುಮಾರಿ ಅಂತ ಹೆಸರು. ಮುಂದಿನ ಎರಡು ಹಲ್ಲಿಲ್ಲ, ಆದರೂ ಬಾಯಿ ಮುಚ್ಚುವುದಿಲ್ಲ. ಇಲ್ಲಿದ್ದಾಗ ಅದರ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು. ಈ ಗಾಳಿಯಿಂದ ದೂರ ಇಡಿ, ಇಲ್ಲಾಂದ್ರೆ ನನ್ನ ಹತ್ತಿರ ತರಬೇಡಿ ಅಂದರಂತೆ ಡಾಕ್ಟರು. ಈಗ ಊರಲ್ಲಿ, ವಿಜಯಪುರದ ಕಡೆಯ ಇಂಡಿಯಲ್ಲಿ, ಅತ್ತೆಯ ಮನೆಯಲ್ಲಿ ಉಂಟು. "ಅಜ್ಜಿ, ವಾಸನಿ ಹೋತೇನ? ನಾ ಬರ್ಲೇನ?" ಅಂತ ದಿನಾ ಕೇಳುತ್ತದೆ. ಯಾರ್ಡು ಮುಚ್ಚಿದರೆ ಮಗು ಮನೆಗೆ, ಇಲ್ಲದಿದ್ದರೆ ಇಲ್ಲ. ಅಷ್ಟೇ ಕೇಸು.

ಕಪ್ಪು ಕೆಳಗಿಟ್ಟೆ.

"ಶ್ರೀಮಂತರೇ, ನೀವು ಯಾರ್ಡಿನ ಆಫೀಸಿನಿಂದ ಹೊರಗೆ ಬರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒಂದು ದಿನ ಅಲ್ಲ. ಬೆಳಿಗ್ಗೆ ಬೆಳಿಗ್ಗೆ. ಆಚೆ ಈಚೆ ನೋಡಿಕೊಂಡು. ಎಂತ ಕೆಲಸ ನಿಮಗೆ ಅಲ್ಲಿ?"

ಶ್ರೀಮಂತ ಚಾಳಿನ ಕಮಿಟಿಯ ಸೆಕ್ರೆಟರಿ. ಬಿಲ್ಡಿಂಗುಗಳಿಗೆ ಬಣ್ಣ ಹೊಡೆಸುವ ಕಂತ್ರಾಟು ಅವನದ್ದು. ಮೀಟಿಂಗಿನಲ್ಲಿ ಯಾರ್ಡಿನ ವಿರುದ್ಧ ಅವನಷ್ಟು ಬೊಬ್ಬೆ ಹಾಕುವವರು ಬೇರೆ ಇಲ್ಲ. ಈಗ ನೋಡಿದರೆ ಸ್ವರವೇ ಇಲ್ಲ.

"ಅದು ಪರ್ಸನಲ್ ಅದರಿ."

"ಪರ್ಸನಲ್!" ಹನುಮವ್ವ ಲಟ್ಟಣಿಗೆ ಎತ್ತಿದಳು. "ವೈರಿ ಮನ್ಯಾಗ ನಿಂದೇನೋ ಪರ್ಸನಲ್ಲು?"

"ಮ್ಯಾನೇಜರ್ ಅನಿಕೇತ್ ಹತ್ತಿರ ಮಾತಾಡಲಿಕ್ಕೆ ಹೋದದ್ದಾ?" ನಾನು ಬಿಡಲಿಲ್ಲ.

"ಇಲ್ರಿ."

"ಮತ್ತೆ?"

"ಹೇಳಾಕ ಬರಂಗಿಲ್ರಿ."

"ಹೇಳದಿದ್ದರೆ ನಾಳೆ ಕಮಿಟಿಯವರ ಎದುರು ಕೇಳುತ್ತೇನೆ. ಮೈಕು ಹಿಡಿದು."

ಅವನ ಕಿವಿ ಕೆಂಪಾಯಿತು. ಬಾಗಿಲ ಕಡೆ ನೋಡಿದ, ಕಿಟಕಿ ಕಡೆ ನೋಡಿದ, ಕೊನೆಗೆ ಎದ್ದು ನಿಂತು ಕೂಗಿಯೇ ಬಿಟ್ಟ.

"ಕಮೋಡ್ ರೀ! ಕಮೋಡಿಗೆ ಹೋಗ್ತೀನ್ರಿ ನಾ!"

ಹನುಮವ್ವನ ಲಟ್ಟಣಿಗೆ ಮೇಲೇ ನಿಂತಿತು.

"ಮಣಕಾಲು ಬ್ಯಾನಿ ರೀ. ಚಾಳಿನ ಸಂಡಾಸದಾಗ ಕುಂತ್ರ ಏಳಾಕ ಆಗೂದಿಲ್ಲ. ಅದೂ ಮುಂಜಾನೆ ಲೈನ್ ನೋಡೀರಿ? ಯಾರ್ಡಿನ ಆಫೀಸಿನ್ಯಾಗ ಕಮೋಡ್ ಅದ. ವಾಚ್‌ಮನ್ ಬಂಡೆಪ್ಪ ನಮ್ಮ ಕಡೆಯಾಂವ, ಮ್ಯಾನೇಜರ್ ಬರೂಕಿಂತ ಮೊದಲ ಬಿಡ್ತಾನ. ಹೋಗ್ತೀನಿ, ಬರ್ತೀನಿ. ಯಾರ ಜೋಡಿನೂ ಮಾತಾಡಂಗಿಲ್ಲ. ಅಲ್ಲಿ ಮಾತಾಡೂದೇನ್ ಅದರಿ?"

ಹನುಮವ್ವ ಗೋಡೆಗೆ ಒರಗಿ ನಗಲಿಕ್ಕೆ ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

"ಅವರು ನಮ್ಮ ಉಸಿರು ಕಟ್ಟಸ್ತಾರ, ನೀ ಅಲ್ಲೇ ಹೋಗಿ ಹಗುರಾಗಿ ಬರ್ತೀ ಏನೋ ಭಾಡ್ಯಾ!"

ನನಗೂ ನಗು ಬಂತು, ಆದರೆ ನಂಬಿಕೆಯೂ ಬಂತು. ಇಷ್ಟು ವರ್ಷ ಮದುವೆ ವಿಚಾರಣೆ ಮಾಡಿದ್ದೇನೆ, ಸುಳ್ಳು ಹೇಳುವವರನ್ನು ಕಂಡಿದ್ದೇನೆ. ಮರ್ಯಾದೆ ಹೆಚ್ಚಿಸಿಕೊಳ್ಳಲಿಕ್ಕೆ ಸುಳ್ಳು ಹೇಳುತ್ತಾರೆ ಮಾರಾಯ್ರೆ. ಮರ್ಯಾದೆ ಕಳೆದುಕೊಳ್ಳಲಿಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ. ಶ್ರೀಮಂತ ಕಳ್ಳನಲ್ಲ. ಹಾಗಾದರೆ ಉಳಿದದ್ದು ಹನುಮವ್ವ ಒಬ್ಬಳೇ. ಅವಳು ಯಾಕೆ ಹೇಳುತ್ತಾಳೆ? ಮಗು ಅವಳದ್ದಲ್ಲವಾ?

ಅಷ್ಟರಲ್ಲಿ ಹಿಂದಿನ ಕಿಟಕಿಯಿಂದ ಒಂದು ಸ್ವರ ಬಂತು.

"ಯವ್ವಾ... ಡಬ್ಬಿ ತಗೋರಿ."

ಎದ್ದು ನೋಡಿದೆ. ಗೋಡೆಯ ಮೇಲೆ ದೊಡ್ಡ ಮೀಸೆಯ ಒಂದು ಮಂಡೆ. ಇದೇ ಬಂಡೆಪ್ಪ. ಆ ಕಡೆ ಡ್ರಮ್ಮಿನ ಮೇಲೆ ಹತ್ತಿ ನಿಂತಿದ್ದ. ಕೈಯಲ್ಲಿ ತೊಳೆದ ಸ್ಟೀಲಿನ ಡಬ್ಬಿ.

"ಯಾವ ಡಬ್ಬಿ ಇದು?" ಅಂತ ಕೇಳಿದೆ.

"ಹೋಳಿಗಿ ಡಬ್ಬಿರಿ ಅಕ್ಕಾರ. ಹಿಂದಕ ಸಾಹೇಬ್ರು ಬಂದಿದ್ರಲ್ರಿ, ಅವತ್ತಿಂದು. ಕೊಡೂದ ಮರ್ತಿದ್ದೆ."

ನನ್ನ ಕಿವಿ ನೆಟ್ಟಗಾಯಿತು. ಹನುಮವ್ವನ ಕಡೆ ತಿರುಗಿದೆ.

"ಸಾಹೇಬರು ಬಂದ ದಿನ ನೀನು ಹೋಳಿಗೆ ಮಾಡಿದ್ದೆಯಾ?"

"ಮತ್ತ? ಮನಿಗಿ ದೊಡ್ಡ ಮನಶ್ಯಾರು ಬರ್ತಾರಂದ್ರ ಬಾಯಿ ಸಿಹಿ ಮಾಡದ ಕಳಸೂದೇನ್ರಿ? ಪ್ರತಿ ಸಲ ಮಾಡ್ತೀನಿ. ಶೇಂಗಾ ಹೋಳಿಗಿ. ಅವ್ರು ತಿನ್ನಂಗಿಲ್ಲ, ರೂಲ್ ಇಲ್ಲಂತ. ಆದ್ರೂ ಮಾಡೂದು ನಮ್ಮ ಧರ್ಮ."

"ಬಂಡೆಪ್ಪನಿಗೆ ಯಾವಾಗ ಕೊಡುತ್ತೀ?"

"ಬಿಸಿ ಬಿಸಿ ಇದ್ದಾಗನ. ಮಧ್ಯಾಹ್ನ, ಹಂಚಿನ ಮ್ಯಾಲಿಂದ ಇಳಿಸಿದ ಕೂಡ್ಲೇ. ಗ್ವಾಡಿ ಮ್ಯಾಲಿಂದ ಆಂವಾ ನೋಡ್ಕೋತ ನಿಂತಿರ್ತಾನ. ನೋಡೂ ಮನಶ್ಯಾಗ ಕೊಡದ ಹ್ಯಾಂಗ ಮುಚ್ಚಿಡ್ಲಿ?"

ಅಯ್ಯೋ ದೇವರೇ! ನಾವು ಹೋಟೆಲಿನವರು. ಇನ್ಸ್‌ಪೆಕ್ಟರು ಬಂದರೂ ಒಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ, ಅದೂ ಅವರು ಕೇಳಿದ ಮೇಲೆ. ಈ ಉತ್ತರ ಕರ್ನಾಟಕದವರ ಕೈಯ ಧಾರಾಳತನ ನನ್ನ ಮಂಡೆಗೆ ಹೊಳೆಯುವುದಾದರೂ ಹೇಗೆ?

ಕಿಟಕಿಗೆ ಮುಖ ಹಚ್ಚಿ ನಯವಾಗಿ ಕೇಳಿದೆ. "ಬಂಡೆಪ್ಪ, ಎಲ್ಲ ಹೋಳಿಗೆ ನೀನೊಬ್ಬನೇ ತಿಂದೆಯಾ?"

"ಛೇ ಛೇ, ಹಂಗ ಮಾಡ್ತೀನೇನ್ರಿ? ಮ್ಯಾನೇಜರ್ ಸಾಹೇಬ್ರಿಗೂ ಕೊಟ್ಟೆ. ಮೊದಲನೇ ಸಲ ಕೇಳಿದ್ರು, ಇವತ್ತ ಏನ್ ಹಬ್ಬ ಅಂತ. ಹಬ್ಬಲ್ರಿ, ಯವ್ವನ ಮನಿಗಿ ದೊಡ್ಡ ಸಾಹೇಬ್ರು ಬರ್ತಾರಂತ ಅಂದೆ. ಈಗ ಕೇಳೂದೇ ಇಲ್ಲ, ಹೋಳಿಗಿ ಕಂಡ್ರ ಸಾಕು, ಭಾಳ ಖುಷಿ. ಬಾಯಾಗ ಇಟ್ಕೊಂಡ ಫೋನ್ ಮಾಡ್ಕೋತ ಓಡ್ತಾರ."

ಬಂಡೆಪ್ಪನ ಮುಖದಲ್ಲಿ ಒಂದು ಚೂರು ಕಪಟ ಇರಲಿಲ್ಲ. ಡಬ್ಬಿ ಕೊಟ್ಟು, ಕೈ ಮುಗಿದು, ಡ್ರಮ್ಮಿನಿಂದ ಇಳಿದು ಹೋದ.

ನಾನು ಕಿಟಕಿ ಮುಚ್ಚಿದೆ. ಒಳಗೆ ತಿರುಗಿದರೆ ಹನುಮವ್ವ ನೆಲದ ಮೇಲೆ ಕೂತುಬಿಟ್ಟಿದ್ದಳು. ನಗು ಎಲ್ಲಿ ಹೋಯಿತೋ.

"ನಾನ ಹೇಳೀನಿ," ಅಂದಳು. "ನನ್ನ ಕೈಯಾರ ಮಾಡಿ, ನನ್ನ ಕೈಯಾರ ಗ್ವಾಡಿ ದಾಟಿಸೀನಿ. ನನ್ನ ಕೂಸು ಮನಿ ಬಿಟ್ಟು ಕುಂತದ, ಅದಕ್ಕ ಕಾರಣ ನಾನ ಆದ್ನೇನ್ರಿ ಅಕ್ಕಾರ?"

ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಇಷ್ಟು ದಿನ ಯಾರ ಎದುರೂ ಅತ್ತವಳಲ್ಲ. ಶ್ರೀಮಂತ ಪಾಪ, ತನ್ನ ಮೇಲೆ ಬಂದ ಅಪವಾದ ಮರೆತು, "ಇರ್ಲಿ ದೊಡ್ಡವ್ವ, ಗೊತ್ತಿಲ್ದ ಆಗಿದ್ದಲ್ಲೇನು" ಅಂತ ನೀರಿನ ಲೋಟ ಹಿಡಿದು ನಿಂತ.

"ಅಳುವುದು ಆಮೇಲೆ," ಅಂದೆ ನಾನು ಜೋರಾಗಿ. ನನಗೆ ಸಮಾಧಾನ ಹೇಳಲಿಕ್ಕೆ ಬರುವುದಿಲ್ಲ, ಬೈಯಲಿಕ್ಕೆ ಮಾತ್ರ ಬರುತ್ತದೆ. "ಎದ್ದು ಮುಖ ತೊಳಿ. ಶೇಂಗಾ ಉಂಟಾ ಮನೆಯಲ್ಲಿ?"

"ಎದಕ್ಕ?"

"ನಾಳೆ ಮಧ್ಯಾಹ್ನ ಹೋಳಿಗೆ ಮಾಡು."

"ನಾಳೆ ಸಾಹೇಬ್ರು ಬರ್ತಾರೇನ್ರಿ?"

"ಯಾರೂ ಬರುವುದಿಲ್ಲ. ಅದೇ ಮಜಾ. ಹೋಳಿಗೆ ಗೋಡೆ ದಾಟುತ್ತದೆ, ಅನಿಕೇತ್ ಡ್ರಮ್ಮು ಹೊರಗೆ ಸಾಗಿಸುತ್ತಾನೆ. ಎಲ್ಲಿಗೆ ಸಾಗಿಸುತ್ತಾನೆ ಅಂತ ನಾನು ಹಿಂದೆ ಹೋಗಿ ಫೋಟೋ ತೆಗೆಯುತ್ತೇನೆ. ಸಾಹೇಬರ ಮೇಜಿನ ಮೇಲೆ ಆ ಫೋಟೋ ಇಟ್ಟರೆ ಆಯಿತು."

ಹನುಮವ್ವ ಮೂಗು ಒರೆಸಿಕೊಂಡು ಯೋಚನೆ ಮಾಡಿದಳು. "ಆ ಬಂಡೆಪ್ಪನ್ನ ನಂಬಿಸಿ ಸುಳ್ಳ ಹೋಳಿಗಿ ಮಾಡೂದು ಪಾಪ ಅಲ್ಲೇನ್ರಿ?"

"ಹೋಳಿಗೆ ಸತ್ಯವೇ ಮಾರಾಯ್ತಿ. ಸಾಹೇಬರು ಮಾತ್ರ ಸುಳ್ಳು."

ಮರುದಿನ ಮಧ್ಯಾಹ್ನ ಯಾರ್ಡಿನ ಗಲ್ಲಿಯ ಬಾಯಲ್ಲಿ ಅಣ್ಣುವಿನ ಟ್ಯಾಕ್ಸಿಯಲ್ಲಿ ಕೂತಿದ್ದೆ. ಅಣ್ಣು ಕಾಪು ಕಡೆಯವನು, ನಮ್ಮ ಹೋಟೆಲಿನ ಖಾಯಂ ಗಿರಾಕಿ. ಒಳ್ಳೆಯ ಮನುಷ್ಯ, ಡ್ರೈವಿಂಗೂ ಒಳ್ಳೆಯದೇ, ಬೆನ್ನು ಹತ್ತುವ ಕೆಲಸಕ್ಕೆ ಮಾತ್ರ ಆಗುವುದಿಲ್ಲ. ಓವರ್‌ಟೇಕ್ ಮಾಡುವುದು ಅವನ ಪ್ರಕಾರ ಅಹಂಕಾರ. ಬೇರೆ ಟ್ಯಾಕ್ಸಿಯವರು ಇಂಥ ಕೆಲಸ ಅಂದರೆ ಮೀಟರೇ ಹಾಕುವುದಿಲ್ಲ, ಎಂತ ಮಾಡುವುದು?

ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೊಳೆತ ಮೊಟ್ಟೆಯನ್ನು ಟಯರಿನ ಜೊತೆ ಸುಟ್ಟ ಹಾಗೆ. ಅಣ್ಣು ಕರವಸ್ತ್ರ ಕಟ್ಟಿಕೊಂಡು, "ಇಲ್ಲಿ ಜನ ಹೇಗೆ ಇರ್ತಾರೆ ಅಕ್ಕ?" ಅಂದ.

"ಮಕ್ಕಳನ್ನು ಊರಿಗೆ ಕಳಿಸಿ ಇರ್ತಾರೆ," ಅಂದೆ.

ಹನುಮವ್ವನ ಫೋನು. "ದಾಟಿಸೀನ್ರಿ."

ಅಷ್ಟೇ ಸಾಕಾಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅನಿಕೇತನ ಕೂಗಾಟ ಕೇಳಿಸಿತು. "ಚಲಾ ಚಲಾ, ಲವಕರ್!" ಬೇಗ ಬೇಗ ಅಂತ ಮರಾಠಿಯಲ್ಲಿ. ಡ್ರಮ್ಮು ಉರುಳುವ ಸದ್ದು, ಪೈಪಿನಲ್ಲಿ ನೀರು ಬಿಡುವ ಸದ್ದು. ಹನುಮವ್ವ ಮತ್ತೆ ಫೋನು ಮಾಡಿ, "ಬಂಡೆಪ್ಪನ ತಲಿ ಗ್ವಾಡಿ ಮ್ಯಾಲ ಕಾಣವಲ್ದರಿ" ಅಂದಳು. ನಿಲ್ಲಲಿಕ್ಕೆ ಡ್ರಮ್ಮೇ ಇಲ್ಲದಿದ್ದರೆ ಮಂಡೆ ಎಲ್ಲಿಂದ ಕಾಣಬೇಕು? ನನಗೆ ಎಷ್ಟು ಖುಷಿಯಾಯಿತೆಂದರೆ ಅಣ್ಣುವಿನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಗೇಟು ತೆರೆಯಿತು. ನೀಲಿ ತಾಡಪತ್ರಿ ಹೊದಿಸಿದ ದೊಡ್ಡ ಟೆಂಪೋ ಹೊರಗೆ ಬಂತು. ನಾವು ಹಿಂದೆ.

ನಾನು ಏನೇನೋ ಅಂದುಕೊಂಡಿದ್ದೆ. ಸಮುದ್ರದ ಖಾಡಿಯ ನೀರಿಗೆ ಸುರಿಯುತ್ತಾರೋ, ಧಾರಾವಿಯ ಯಾವುದಾದರೂ ಗೋದಾಮಿಗೆ ತುಂಬುತ್ತಾರೋ ಅಂತ. ಎಂಥದ್ದೂ ಇಲ್ಲ. ಟೆಂಪೋ ಸೀದಾ ಟ್ರಕ್ ಟರ್ಮಿನಲ್ಲಿಗೆ ಹೋಗಿ ನೂರಾರು ಟ್ರಕ್ಕುಗಳ ನಡುವೆ ನಿಂತಿತು. ಡ್ರೈವರು ಇಳಿದು ಬೀಡಿ ಹಚ್ಚಿದ. ಕಳ್ಳ ಮಾಲನ್ನು ಬಚ್ಚಿಡಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದುಂಟು? ಸಾಹೇಬರು ಹೋಗುವ ತನಕ ಬೀಡಿ ಸೇದುವುದು, ಆಮೇಲೆ ವಾಪಸು ಹೋಗುವುದು. ಅನಿಕೇತನಿಗೆ ಮಂಡೆ ಉಂಟು ಅಂತ ಒಪ್ಪಿಕೊಳ್ಳಲೇಬೇಕು.

ಯಾವುದೋ ವಿಳಾಸ ಹುಡುಕುವವಳ ಹಾಗೆ ನಡೆದುಕೊಂಡು ಹೋಗಿ ತಾಡಪತ್ರಿಯ ಸಂದಿನಿಂದ ಫೋಟೋ ತೆಗೆದೆ. ನೀಲಿ ಡ್ರಮ್ಮುಗಳು. ಒಂದರ ಮೇಲೆ ತಲೆಬುರುಡೆಯ ಚಿತ್ರ. ಕೆಳಗೆ ತೊಟ್ಟಿಕ್ಕಿದ ಕಡೆ ರೋಡಿನ ಡಾಂಬರು ನೊರೆ ಕಟ್ಟಿ ಬುಸುಗುಡುತ್ತಿತ್ತು. ಅದನ್ನೂ ತೆಗೆದೆ. ನಂಬರ್ ಪ್ಲೇಟನ್ನೂ ತೆಗೆದೆ. ಟ್ಯಾಕ್ಸಿಗೆ ಬಂದು ಕೂತು, "ಅಣ್ಣು, ಮಾಟುಂಗಕ್ಕೆ ಹೋಗಿ ಫಿಲ್ಟರ್ ಕಾಫಿ ಕುಡಿಯುವ" ಅಂದೆ.

ಫೋನು ಹೊಡೆಯಿತು.

"ಅಕ್ಕಾರ!" ಹನುಮವ್ವನಿಗೆ ಏದುಸಿರು. "ಸಾಹೇಬ್ರು ಬಂದಾರ್ರಿ!"

"ಯಾವ ಸಾಹೇಬರು?"

"ಪೊಲ್ಯೂಷನ್ ಸಾಹೇಬ್ರು! ಖರೇನ ಬಂದಾರ! ಹೊಸಾ ಸಾಹೇಬ. ಫೋನ್ ಮಾಡಿದ್ರ ಸುದ್ದಿ ಸೋರತದ ಅಂತ ಯಾರಿಗೂ ಹೇಳದ ಬಂದಾನ. ಯಾರ್ಡಿನ್ಯಾಗ ಒಂದ ಡ್ರಮ್ ಇಲ್ಲ. ಫಿನಾಯಿಲ್ ವಾಸನಿ ಹೊಡ್ಯಾಕತ್ತದ!"

ಕರ್ಮವೇ! ಯಾರಿಗೂ ಹೇಳದೆ ಕೇಳದೆ ಸಾಹೇಬರು ನಿಜವಾಗಿ ಬಂದ ಒಂದೇ ಒಂದು ದಿನ, ಯಾರ್ಡನ್ನು ತೊಳೆಸಿ ಇಟ್ಟವಳು ನಾನು!

"ಶ್ರೀಮಂತ ಎಲ್ಲಿ?"

"ಜಗಳಾ ಮಾಡಾಕತ್ತಾನ. ಸಾಹೇಬ ಕೇಳವಲ್ಲ. ಏನೂ ಇಲ್ಲ ಅಂತ ಬರ್ದಾತು, ಜೀಪಿನ್ಯಾಗ ಕುಂತಾತು. ಇದ ಕಡೀ ಸಲ ಅಲ್ಲೇನ್ರಿ? ಆ ಮ್ಯಾನೇಜರ್ ನಕ್ಕೋತ ಮೂಲಿಗಿ ಹೋಗಿ ಯಾರಿಗೋ ಫೋನ್ ಮಾಡಾಕತ್ತಾನ."

ಯಾರಿಗೆ ಅಂತ ನನಗೆ ಕಾಣುತ್ತಿತ್ತು. ಎದುರಿಗೆ ಟೆಂಪೋದ ಡ್ರೈವರು ಫೋನು ಕಿವಿಗೆ ಹಿಡಿದು, "ಹಾ ಸೇಠ್, ನಿಕಲ್ತಾ ಹೂಂ" ಅಂದು, ಬೀಡಿ ಬಿಸಾಡಿ ಗಾಡಿ ಹತ್ತಿದ. ಸಾಹೇಬರು ಗೇಟು ದಾಟುವ ಮೊದಲೇ ಅನಿಕೇತ್ ಅವಸರ ಮಾಡಿದ್ದ. ಗೆದ್ದೆ ಅನ್ನುವ ಖುಷಿಗೆ ಹಾಗೇ ಆಗುತ್ತದೆ.

"ಹನುಮವ್ವ, ಕೇಳು! ಡ್ರಮ್ಮು ವಾಪಸ್ ಬರ್ತಾ ಉಂಟು. ಈಗಲೇ. ಟೆಂಪೋ ಅಲ್ಲಿಗೆ ಮುಟ್ಟುವ ತನಕ ಸಾಹೇಬರನ್ನು ಬಿಡಬೇಡ. ಕಣ್ಣಾರೆ ನೋಡಲಿ!"

"ಹ್ಯಾಂಗ ಹಿಡೀಲ್ರಿ? ಜೀಪ್ ಚಾಲೂ ಆತು!"

"ಹೇಗಾದರೂ ಹಿಡಿ!"

ಫೋನು ಕಟ್ಟಾಯಿತು. ಟೆಂಪೋ ಹೊರಟಿತು. ಅಣ್ಣು ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಒಬ್ಬ ಸೈಕಲ್ಲಿನವನಿಗೆ ದಾರಿ ಬಿಟ್ಟು ಹಿಂದೆ ಹೊರಟ.

"ಅಣ್ಣು, ನಿನಗೆ ಪುಣ್ಯ ಬರ್ಲಿ, ಸ್ವಲ್ಪ ಬೇಗ!"

"ನಲವತ್ತರಲ್ಲಿ ಇದ್ದೇನೆ ಅಕ್ಕ," ಅಂದ ಅವನು ಹೆಮ್ಮೆಯಿಂದ.

ಗಲ್ಲಿ ಹತ್ತಿರ ಬಂತು. ಮತ್ತೆ ಫೋನು.

"ಹಿಡದೀನ್ರಿ ಅಕ್ಕಾರ." ಈ ಸಲ ಹನುಮವ್ವನ ಸ್ವರ ತಣ್ಣಗಿತ್ತು. ಹಿಂದೆ ಯಾರೋ ಕಬ್ಬಿಣ ಬಡಿಯುವ ಸದ್ದು, ಬೈಗುಳ, ಜೀಪಿನ ಹಾರನ್ನು.

"ಹೇಗೆ ಹಿಡಿದೆ?"

"ಗೇಟ್ ಎಳದು ಹೊರಗಿಂದ ಕೀಲಿ ಹಾಕೀನಿ. ನಮ್ಮ ಮನಿ ಕೀಲಿ. ಸಾಹೇಬ್ರು, ಮ್ಯಾನೇಜರ್, ಜೀಪು, ಎಲ್ಲಾ ಒಳಗದಾವ. ಸಾಹೇಬ್ರ ಮುಂದ ಮ್ಯಾನೇಜರಗ ಫೋನ್ ಮಾಡಾಕ ಬರವಲ್ದು."

"ಸರ್ಕಾರಿ ಆಫೀಸರನ್ನು ಕೂಡಿ ಹಾಕಿದೆಯಾ? ಮಾರಾಯ್ತಿ, ನಿನ್ನನ್ನೇ ಒಳಗೆ ಹಾಕ್ತಾರೆ!"

"ಹಾಕ್ಲಿ. ಪೊಲೀಸ್ರಿಗೂ ಫೋನ್ ಮಾಡ್ಯಾರ, ಬರ್ಲಿ. ನನ್ನ ಶಿವಿ ಮನಿಗಿ ಬರೂದಿದ್ರ ಇವತ್ತ ತೀರ್ಮಾನ ಆಗ್ಬೇಕು. ನೀವು ಆ ಗಾಡಿ ತರ್ರಿ, ನಾ ಕೀಲಿ ತಗೀತೀನಿ. ಅದಕ್ಕಿಂತ ಮೊದಲ ಯಾರಪ್ಪ ಬಂದ್ರೂ ತಗಿಯಂಗಿಲ್ಲ."

ಟೆಂಪೋ ಗಲ್ಲಿಗೆ ತಿರುಗಿತು. ನಾವೂ ಹಿಂದೆ ತಿರುಗಿದೆವು. ಎರಡು ಗೋಡೆಗಳ ನಡುವೆ ಒಂದು ಗಾಡಿಗಷ್ಟೇ ಜಾಗ. ಮುಂದೆ ಇಡೀ ಚಾಳು ಗೇಟಿನ ಎದುರು ನೆರೆದಿತ್ತು. ಟೆಂಪೋ ನಿಂತಿತು. ಒಂದು ಕ್ಷಣ ಅಷ್ಟೇ. ಆಮೇಲೆ ಅದರ ಹಿಂದಿನ ಬಿಳಿ ದೀಪ ಹತ್ತಿಕೊಂಡಿತು.

"ಅಕ್ಕ, ಅವ ರಿವರ್ಸ್ ಬರ್ತಾ ಇದ್ದಾನೆ," ಅಂದ ಅಣ್ಣು. "ಹಿಂದೆ ತೆಗಿಲಾ?"

ಹಿಂದೆ ತೆಗೆದರೆ ಟೆಂಪೋ ಓಡಿ ಹೋಗುತ್ತದೆ. ಡ್ರಮ್ಮೂ ಇಲ್ಲ, ಕೇಸೂ ಇಲ್ಲ. ಹನುಮವ್ವ ಲಾಕಪ್ಪಿಗೆ, ಮಗು ಇಂಡಿಯಲ್ಲೇ.

"ಬೇಡ," ಅಂದೆ. "ಹ್ಯಾಂಡ್‌ಬ್ರೇಕ್ ಎಳಿ."

ಅಣ್ಣು ನನ್ನ ಮುಖ ನೋಡಿದ. ಎಳೆದ.

ಟೆಂಪೋ ನಿಲ್ಲಲಿಲ್ಲ, ಬಂದು ನಮಗೆ ಗುದ್ದಿತು. ತಾಡಪತ್ರಿಯ ಹಗ್ಗ ಪಟ್ಟನೆ ಕಿತ್ತುಕೊಂಡಿತು, ತುದಿಯಲ್ಲಿದ್ದ ಡ್ರಮ್ಮು ಮುಚ್ಚಳ ಕಳಚಿ ನಮ್ಮ ಬಾನೆಟ್ಟಿನ ನೇರಕ್ಕೆ ವಾಲಿತು. ಗೇಟಿನ ಕಡೆಯಿಂದ ಕೀಲಿ ಕಳಚಿದ ಸದ್ದು, ಅದರ ಹಿಂದೆಯೇ ಹನುಮವ್ವನ ಕೂಗು: "ಬರ್ರಿ ಸಾಹೇಬ್ರ, ಕಣ್ಣಾರೆ ನೋಡ್ರಿ!"